ತೂಕವಿಲ್ಲದ ಪಂಪು

ಒಳಗೆ ಏನೂ ಇಲ್ಲದ ಪಂಪೊಂದನ್ನು ಸಿ.ಡಿ.ಗೆ ತುಂಬಿಸಿ, ಮೇಲೆ ‘ಸಂಪೂರ್ಣ’ ಎಂದು ಚಂದದ ಅಕ್ಷರದಲ್ಲಿ ಬರೆದು ಬೆಳಗಾವಿಗೆ ಕಳಿಸಿದ ಜಾಣ ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಈರಪ್ಪ ಮಾಸ್ತರರ ಬಗ್ಗೆ ಬರೆಯುವುದು ಸಲೀಸು.

ಮಾಸ್ತರರೆಂದರೆ ಶಾಲೆಯವರಲ್ಲ. ದಾಂಡೇಲಿಯ ಹಳಿಯಾಳ ರಸ್ತೆಯಲ್ಲಿದ್ದ ನಮ್ಮ ಸಣ್ಣ ಫೌಂಡ್ರಿಯಲ್ಲಿ ಸಾಗವಾನಿ ಕಟ್ಟಿಗೆಯ ಪ್ಯಾಟರ್ನ್ ಕೆತ್ತುವವರು. ಅವರು ಕೆತ್ತಿದ ಆಕಾರವನ್ನು ಉಸುಕಿನಲ್ಲಿ ಒತ್ತಿ ತೆಗೆದು, ಉಳಿದ ಕುಳಿಗೆ ಕರಗಿದ ಬೀಡುಕಬ್ಬಿಣ ಸುರಿದರೆ ಪಂಪು ಹುಟ್ಟುತ್ತಿತ್ತು. ಕೆತ್ತನೆ ಮುಗಿದ ಮೇಲೆ ಪ್ಯಾಟರ್ನನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಎಮ್ಮೆ ಕೊಳ್ಳಲು ಬಂದವನು ಕೆಚ್ಚಲು ಸವರುವಂತೆ ಹೆಬ್ಬೆರಳಿನಿಂದ ಉದ್ದಕ್ಕೂ ಸವರುವರು. ಎಲ್ಲಾದರೂ ಬೆರಳು ನಿಂತಿತೆಂದರೆ ಮೂಗಿನಿಂದ ‘ಹ್ಞೂಂ’ ಎಂದೊಂದು ದನಿ.

ಆ ದನಿ ನನ್ನ ಆಸ್ತಿಯಾಗಿತ್ತು. ಫೌಂಡ್ರಿಯ ಮಾಲೀಕ ಸಾವಕಾರರ ಕೆಮ್ಮು, ಕುಲುಮೆಯವನ ಕುಂಟು, ಕನ್ನಡಿಯ ಮುಂದೆ ನನ್ನದೇ ಪೆದ್ದು ನಗೆ, ಎಲ್ಲವನ್ನೂ ಅಣಕಿಸಿ ಮುಗಿಸಿದ್ದೆ. ಊಟದ ಹೊತ್ತಿಗೆ ಡಬ್ಬಿಯನ್ನು ತೊಡೆಯ ಮೇಲಿಟ್ಟು ಸವರಿ, ‘ಹ್ಞೂಂ’ ಎಂದು ಚಪಾತಿಯಲ್ಲಿ ದೋಷ ಹುಡುಕುತ್ತಿದ್ದೆ. ಒಂದು ದಿನ ನಗುತ್ತಿದ್ದವರೆಲ್ಲ ಒಮ್ಮೆಲೇ ತಮ್ಮ ತಮ್ಮ ಡಬ್ಬಿಗೆ ಬಗ್ಗಿದರು. ಮಾಸ್ತರರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

“ನಾ ಎಡಗೈಲೆ ಸವರಾಂವ, ತಮ್ಮಾ. ನೀ ಬಲಗೈಲೆ ಮಾಡಾಕತ್ತೀದಿ,” ಎಂದು ತಿದ್ದಿ, ಕೈ ತೊಳೆಯಲು ಹೋದರು.

ಎರಡು ಸಾವಿರದ ಮೂರರ ಸುಮಾರಿಗೆ ಸಾವಕಾರರು ಕಂಪ್ಯೂಟರ್ ತಂದರು. ಹುಬ್ಬಳ್ಳಿಯಲ್ಲಿ ಮೂರು ತಿಂಗಳು ಕಲಿತು ಬಂದಿದ್ದ ನಾನು ಅದರ ಮುಂದೆ ಕೂತೆ. ಕಟ್ಟಿಗೆ ಮಳೆಗಾಲದಲ್ಲಿ ಉಬ್ಬುತ್ತದೆ, ಕಂಪ್ಯೂಟರಿನೊಳಗಿನ ಆಕಾರ ಉಬ್ಬುವುದಿಲ್ಲ ಎಂಬುದು ಸಾವಕಾರರ ಲೆಕ್ಕ. ಮಾಸ್ತರರ ಪ್ಯಾಟರ್ನುಗಳು ಒಂದೊಂದಾಗಿ ಗೋಡೆಯ ಹಲಗೆಯಿಂದಿಳಿದು ನನ್ನ ಮೇಜಿಗೆ ಬಂದವು.

ಕೆಲಸ ಹೀಗೆ: ಮೊದಲು ಆಕಾರದ ಬರೀ ಸಿಪ್ಪೆಯನ್ನು ತುಂಡು ತುಂಡಾಗಿ ಬರೆಯಬೇಕು. ತುಂಡುಗಳ ಅಂಚಿಗೆ ಅಂಚು ಎಲ್ಲೂ ಸಂದಿಲ್ಲದೆ ಕೂಡಿದರೆ ಕಂಪ್ಯೂಟರ್ ಅವನ್ನು ಹೊಲಿದು, ಒಳಗನ್ನು ತುಂಬಿ ಘನವಾಗಿಸುತ್ತದೆ. ಕೂದಲೆಳೆಯಷ್ಟು ಸಂದು ಉಳಿದರೂ ಅದು ಪೊಳ್ಳೇ, ತೂಕವೂ ಇಲ್ಲ. ಪರದೆಯ ಮೇಲೆ ಮಾತ್ರ ಎರಡೂ ಒಂದೇ ಥರ ಮಿರಮಿರ ಮಿಂಚುತ್ತವೆ.

ಪರದೆಯಲ್ಲಿ ತಿರುಗುತ್ತಿದ್ದ ಪಂಪನ್ನು ಮಾಸ್ತರರು ಬಗ್ಗಿ ನೋಡಿ, ತೂಕ ಎಷ್ಟಾಯಿತೆಂದು ಕೇಳಿದರು. ಪ್ಯಾಟರ್ನ್ ನೋಡಿಯೇ ಎರಕದ ತೂಕ ಹೇಳುವ ಮನುಷ್ಯ ಅವರು. ನಾನು ಗತ್ತಿನಿಂದ ಗುಂಡಿ ಒತ್ತಿದೆ. ಸೊನ್ನೆ ಬಂತು.

“ಹೊತ್ತೊಯ್ಯಾಕ ಹಗುರ ಆಕ್ಕೈತಿ ಬಿಡು,” ಎಂದರು.

ಅಲ್ಲಿಗೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಪಂಪಿನ ಕುತ್ತಿಗೆಯ ಹತ್ತಿರ ಎರಡು ತುಂಡುಗಳು ದಾರದಷ್ಟು ದೂರ ನಿಂತು ಕೂಡಲೊಲ್ಲದೆ ಹಟ ಹಿಡಿದಿದ್ದವು. ಅಷ್ಟರಲ್ಲಿ ಸಾವಕಾರರು ಬಾಗಿಲಿಗೆ ಬಂದು ಮುಗಿಯಿತೇ ಎಂದರು. ಪಂಪನ್ನು ಪರದೆಯಲ್ಲಿ ನಿಂಬೆಹಣ್ಣಿನಷ್ಟು ಚಿಕ್ಕದು ಮಾಡಿದೆ. ಸಂದು ಕಾಣದಾಯಿತು. ಮುಗಿಯಿತು ಎಂದೆ. ಕಂಪ್ಯೂಟರಿನ ಆಕಾರ ನೋಡಿ ಯಂತ್ರದಿಂದ ಪ್ಯಾಟರ್ನ್ ಕೊರೆಯುವ ಬೆಳಗಾವಿಯ ಕಾರ್ಖಾನೆಗೆ ಸಿ.ಡಿ. ಹೋಯಿತು.

ಮೂರನೆಯ ದಿನ ಬೆಳಗಾವಿಯಿಂದ ಫೋನು ಬಂತು. ಇದು ಬರೀ ಸಿಪ್ಪೆ, ಯಂತ್ರದ ಉಳಿ ಸಂದಿನೊಳಗೆ ಇಳಿದು ಮಾಲು ಕೆಡಿಸುತ್ತದೆ ಎಂದರಂತೆ. ಸಾವಕಾರರು ಎಲ್ಲರ ಎದುರಿಗೇ ನನ್ನನ್ನು ನಿಲ್ಲಿಸಿ ಕೇಳಿದರು. ಊರವರ ದನಿಯೆಲ್ಲ ಇಟ್ಟುಕೊಂಡಿದ್ದ ನನ್ನ ಬಾಯಲ್ಲಿ ನನ್ನದೆಂಬ ದನಿ ಹೊರಡಲಿಲ್ಲ.

ಮಾಸ್ತರರು ಕೂತಲ್ಲಿಂದಲೇ ಪ್ಯಾಟರ್ನ್ ತರಿಸಿಕೊಂಡು ಕಣ್ಣು ಮುಚ್ಚಿ ಸವರಿದರು. ಕುತ್ತಿಗೆಯ ಹತ್ತಿರ ಹೆಬ್ಬೆರಳು ನಿಂತಿತು. ಆ ಮೂಲೆ ದುಂಡಗಾಗಲೆಂದು ಎಂದೋ ಅವರು ಮೇಣ ತುಂಬಿದ್ದರು. ಒಂದು ಬದಿಯ ಮೇಣ ಉದುರಿಹೋಗಿತ್ತು. ನಾನು ಒಂದು ಕಡೆ ಮೇಣವನ್ನೂ ಇನ್ನೊಂದು ಕಡೆ ಬರೀ ಕಟ್ಟಿಗೆಯನ್ನೂ ಅಳೆದಿದ್ದೆ.

“ಹುಡುಗ ಅಳದದ್ದು ಬರೋಬರಿ ಐತ್ರಿ. ಮೇಣ ನೋಡ್ಕೋಬೇಕಾದಾಂವ ನಾ,” ಎಂದು ಸಾವಕಾರರಿಗೆ ಹೇಳಿದರು. ನಾನು ಸುಳ್ಳು ಹೇಳಿದ್ದು ಅವರಿಗೆ ಗೊತ್ತಿತ್ತು. ಅದರ ಬಗ್ಗೆ ಅಂದೂ ಮಾತಿಲ್ಲ, ಮುಂದೂ ಮಾತಿಲ್ಲ.

ತುದಿಯಲ್ಲಿ ಗುಂಡಿದ್ದ ಕಬ್ಬಿಣದ ಸಲಾಕೆಯನ್ನು ಕಾಯಿಸಿ, ಮೂಲೆಗುಂಟ ಹೊಸ ಮೇಣ ಎಳೆದರು. ನಾನು ಮತ್ತೆ ಅಳೆದು, ಆ ಎರಡು ತುಂಡುಗಳನ್ನು ಅಳಿಸಿ ಬರೆದೆ. ಹೊಲಿಗೆ ಬಿತ್ತು. ಪರದೆಯ ಮೇಲೆ ಪಂಪನ್ನು ಅಡ್ಡ ಕೊಯ್ದು ನೋಡಿದರೆ, ನಿನ್ನೆಯವರೆಗೆ ಕುಂಬಳದ ಸಿಪ್ಪೆಯಂತಿದ್ದದ್ದು ಇಂದು ಗಟ್ಟಿ ಗೋಡೆ. ತೂಕ ಓದಿ ಹೇಳಿದೆ. ಅಷ್ಟೇ ಇರಬೇಕು ಎಂಬಂತೆ ತಲೆಯಾಡಿಸಿ ಮಾಸ್ತರರು ಉಳಿ ಮಸೆಯಲು ಕೂತರು.

ಆಮೇಲೆ ವರ್ಷವಿಡೀ ಹಾಗೆಯೇ ನಡೆಯಿತು. ಅವರು ಸವರುವುದು, ನಾನು ಹೊಲಿಯುವುದು. ಪ್ಯಾಟರ್ನುಗಳೆಲ್ಲ ಕಂಪ್ಯೂಟರಿಗೆ ಇಳಿದು ಹಲಗೆ ಬರಿದಾದ ದೀಪಾವಳಿಗೆ ಊರಿಗೆ ಹೋದ ಮಾಸ್ತರರು ತಿರುಗಿ ಬರಲಿಲ್ಲ. ಸಾವಕಾರರೂ ಕರೆಸಲಿಲ್ಲ.

ಹೊಸ ಕೆಲಸಗಳಲ್ಲಿ ಅಂಚುಗಳು ಕೂಡದೆ ಹೋದಾಗ ನಾನು ಎಡಗೈ ಹೆಬ್ಬೆರಳನ್ನು ಪರದೆಯ ಮೇಲೆ ಎಳೆಯುತ್ತಿದ್ದೆ. ಗಾಜು ಎಲ್ಲ ಕಡೆಯೂ ಒಂದೇ ಥರ ನುಣುಪು. ಒಮ್ಮೆ ನನ್ನ ಮೂಗಿನಿಂದ ‘ಹ್ಞೂಂ’ ಎಂದು ತಾನಾಗಿಯೇ ಹೊರಟಿತು. ಸುತ್ತ ಇದ್ದವರು ಯಾರೂ ನಗಲಿಲ್ಲ. ಕುಲುಮೆಯವನು ಎದ್ದು ಹೊರಗೆ ಹೋದ.

ಮರುವಾರ ಮುಂಡಗೋಡದ ಬಸ್ಸು ಹತ್ತಿ, ಅವರ ಊರು ಸನವಳ್ಳಿಗೆ ಹೋದೆ. ಮಾಸ್ತರರು ಅಂಗಳದಲ್ಲಿ ಬಾಗಿಲ ಚೌಕಟ್ಟಿಗೆ ಕೀಸುಳಿ ಹಾಕುತ್ತಿದ್ದರು. ಅವರ ಹೆಂಡತಿ ಚಹಾ ತಂದಿಟ್ಟರು. ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ತಮಾಷೆಯ ಮಾತುಗಳೆಲ್ಲ ಮರೆತುಹೋದವು. ನೀವು ಕೆತ್ತಿದ್ದನ್ನೆಲ್ಲ ನಾನೇ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದೆ, ನಿಮ್ಮ ಕೆಲಸ ಕಸಿದುಕೊಂಡವನು ನಾನೇ ಎಂದುಬಿಟ್ಟೆ.

ಅದೇ ಕೊನೆಯ ಭೇಟಿ. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು, ಅದೂ ವಾರ ತಡವಾಗಿ. ಅವರ ದನಿಯನ್ನು ಈಗಲೂ ತೆಗೆಯಬಲ್ಲೆ, ಆದರೆ ತೆಗೆಯುವುದಿಲ್ಲ. ಅಂದು ಅಂಗಳದಲ್ಲಿ ನನ್ನ ಮಾತಿಗೆ ಅವರು ಕೀಸುಳಿ ನಿಲ್ಲಿಸದೆ, ತಲೆಯನ್ನೂ ಎತ್ತದೆ ಅಂದದ್ದು ಇಷ್ಟು:

“ನನ್ನ ಕೆಲಸಾ ಕಸಗೊಳ್ಳೂವಷ್ಟು ನೀ ಇನ್ನೂ ಕಲ್ತಿಲ್ಲಪಾ. ನಾನ ಬಿಟ್ಟೇನಿ. ಚಾ ಆರಾಕತ್ತೈತಿ, ಕುಡಿ.”