ಬೆಕ್ಕು ಮುಖ ತೊಳೆಯುವವರೆಗೆ

ಬೆಳಗಿನ ಆರು ಗಂಟೆ. ಸಾಕುಪ್ರಾಣಿಗಳ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ಐವತ್ತೆಂಟರ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು, ಮರಳಿನ ತಟ್ಟೆಯಲ್ಲಿ ಬೆಕ್ಕು ಬಿಟ್ಟುಹೋದದ್ದನ್ನು ಅಕ್ಕಿಯಲ್ಲಿ ಕಲ್ಲು ಹುಡುಕುವಷ್ಟು ಶ್ರದ್ಧೆಯಿಂದ ನೋಡುತ್ತಿದ್ದಾರೆ. "ಗಟ್ಟಿಯಾಗಿದೆ, ಬಣ್ಣವೂ ಸರಿ. ಮೂರನೇ ಗೂಡಿನವರು ಪಾಸು," ಎನ್ನುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನಾನು ಮೂಗು ಮುಚ್ಚಿಕೊಂಡಿದ್ದು ಕಂಡು ಅವರಿಗೆ ನಗು.

ಇಡೀ ಆಸ್ಪತ್ರೆಗೆ ಇವರು ಚಿಕ್ಕಮ್ಮ. ಹತ್ತೊಂಬತ್ತು ವರ್ಷದಿಂದ ಕಸ ಗುಡಿಸುವ, ಗೂಡು ತೊಳೆಯುವ ಕೆಲಸ. ದಿನಕ್ಕೆ ಹದಿನಾಲ್ಕು ಗೂಡು, ಹದಿನಾಲ್ಕು ತಟ್ಟೆ, ಮುಂಗೈ ಮೇಲೆ ಕನಿಷ್ಠ ಎರಡು ಹೊಸ ಗೀರು. ಡಾಕ್ಟರಮ್ಮ ಬರುವುದು ಒಂಬತ್ತಕ್ಕೆ. ಅಷ್ಟರಲ್ಲಿ ಯಾರು ಉಂಡರು, ಯಾರ ಕಣ್ಣಲ್ಲಿ ಗೀಜು, ಯಾರ ಕೂದಲು ಮಂಕಾಗಿದೆ ಎಂಬುದೆಲ್ಲ ಇವರ ನಾಲಿಗೆಯ ತುದಿಯಲ್ಲಿರುತ್ತದೆ. ಮನೆಯಲ್ಲೂ ಬೆಕ್ಕಿದೆಯೇ ಎಂದು ಕೇಳುತ್ತೇನೆ.

"ಎಲ್ಲಿಂದ? ನಮ್ಮ ಯಜಮಾನರಿಗೆ ಬೆಕ್ಕು ಅಂದ್ರೆ ಸೀನು. ಇಬ್ಬರಲ್ಲಿ ಒಬ್ಬರನ್ನ ಇಟ್ಕೋಬೇಕಿತ್ತು. ಅವರು ಮೊದಲೇ ಬಂದುಬಿಟ್ಟಿದ್ರು."

ಒಂದೇ ಒಂದು ವಿಷಯ ಹೇಳುವಾಗ ಈ ನಗು ನಿಲ್ಲುತ್ತದೆ. ನಾಲ್ಕು ವರ್ಷದ ಹಿಂದೆ ಬೂದು ಬೆಕ್ಕೊಂದು ಇವರ ಮಡಿಲಲ್ಲಿ ಗುರ್‌ಗುರ್ ಎನ್ನುತ್ತಿತ್ತು. ಚೆನ್ನಾಗಿದೆ ಎಂದು ಇವರೇ ಹೇಳಿದರು, ಮನೆಗೆ ಕಳಿಸಿದರು. ಎರಡೇ ದಿನದಲ್ಲಿ ವಾಪಸು ಬಂತು, ಉಳಿಯಲಿಲ್ಲ. "ನೋವಾದಾಗಲೂ ಹಾಗೇ ಗುರ್ ಅಂತಾವೆ, ನನಗೆ ಗೊತ್ತಿರಲಿಲ್ಲ. ಅವತ್ತಿಂದ ಗಂಟಲು ನಂಬೋದು ಬಿಟ್ಟೆ. ಮೈ ನೆಕ್ಕಿ ಮುಖ ತೊಳ್ಕೊಂಡ್ರೆ ಮಾತ್ರ ನಂಬ್ತೀನಿ. ಹುಷಾರಿಲ್ಲದ ಬೆಕ್ಕಿಗೆ ಶೋಕಿ ಬೇಡ."

ಇವತ್ತು ಪರೀಕ್ಷೆ ಹುಲಿಗೆ. ಮೂತ್ರ ಕಟ್ಟಿಕೊಂಡು ಐದು ದಿನದ ಹಿಂದೆ ಬಂದ ಕೆಂಚು ಗಂಡುಬೆಕ್ಕು. ಅವನ ಜೊತೆ ಮನೆಯಲ್ಲಿರುವವರು ವಯಸ್ಸಾದ ದರ್ಜಿ ಒಬ್ಬರೇ. ಎಂಟೂವರೆಗೇ ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿದ್ದಾರೆ. ಹುಲಿ ಉಚ್ಚೆ ಹೊಯ್ದಿದ್ದಾನೆ, ಅರ್ಧ ಬಟ್ಟಲು ತಿಂದಿದ್ದಾನೆ, ಒಸಡು ಗುಲಾಬಿ. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಜ್ವರ ಅಳೆದು, ಚೀಟಿ ಬರೆಯುವ ಮುನ್ನ ತಲೆಯೆತ್ತುತ್ತಾರೆ.

"ಏನು ಚಿಕ್ಕಮ್ಮ, ಕಳಿಸೋಣವಾ?"

"ಇನ್ನೂ ಮುಖ ತೊಳೆದಿಲ್ಲ. ಸ್ವಲ್ಪ ತಡೀರಿ."

ಪೆನ್ನು ಕೆಳಗಿಡುತ್ತಾರೆ ಡಾಕ್ಟರಮ್ಮ. ದರ್ಜಿ ಬೆಂಚಿನ ತುದಿಯಲ್ಲಿ ಕೂತು ಬುಟ್ಟಿಯ ಹಿಡಿ ತಿರುವುತ್ತಾರೆ. ಚಿಕ್ಕಮ್ಮ ಗೂಡನ್ನು ಕಿಟಕಿಯ ಬಿಸಿಲಿಗೆ ಎಳೆದಿಟ್ಟು, ತನಗೇನೂ ಸಂಬಂಧವಿಲ್ಲದಂತೆ ನೆಲ ಒರೆಸುತ್ತಾರೆ. ಇಪ್ಪತ್ತು ನಿಮಿಷ ಹುಲಿ ಗೋಡೆ ನೋಡುತ್ತಾನೆ. ಆಮೇಲೆ ಮುಂಗಾಲು ನೆಕ್ಕಿ, ಕಿವಿಯ ಹಿಂದಿನಿಂದ ಮೀಸೆಯವರೆಗೆ ಒಮ್ಮೆ ಎಳೆಯುತ್ತಾನೆ. ಮತ್ತೊಮ್ಮೆ. ಕೊನೆಗೆ ಹಿಂಗಾಲನ್ನೇ ಮೇಲೆತ್ತಿ, ಅಷ್ಟು ಜನರ ಮುಂದೆ ಮಾನ ಮರ್ಯಾದೆ ಬಿಟ್ಟು ತೊಳೆಯಲು ಕೂರುತ್ತಾನೆ.

"ಈಗ ಬರೀರಿ," ಎನ್ನುತ್ತಾರೆ ಚಿಕ್ಕಮ್ಮ, ತಿರುಗಿಯೂ ನೋಡದೆ.

ದರ್ಜಿಯ ಕಣ್ಣು ಒದ್ದೆ. ನನ್ನದೂ, ಸುಳ್ಳೇಕೆ ಹೇಳಲಿ. ಬುಟ್ಟಿ ಎದೆಗವಚಿಕೊಂಡು ಮೆಟ್ಟಿಲಿಳಿಯುವಾಗ ಅವರು, "ಬರ್ತೀವಿ ಚಿಕ್ಕಮ್ಮ," ಎನ್ನುತ್ತಾರೆ.

"ನೀವು ಬನ್ನಿ. ಅವನನ್ನ ಮಾತ್ರ ಕರ್ಕೊಂಡು ಬರಬೇಡಿ."