ತೋಳಾಗಿನ ನಾಲ್ಕಾಣೆ

ಆ ಮಗ್ಗದ ಲಾಳಿ ಕೆಳಗಿಡ ಕಾವೇರಿ, ಆಡಿದ್ದು ಸಾಕು. ನಮ್ಮ ತಮ್ಮ ಶಫೀಕನ ಸುದ್ದಿ ಬರಕೋತೀನಿ ಅಂತ ಬಾಜೂ ಮನಿಯಿಂದ ಓಡಿ ಬಂದಾಕಿ ನೀನ ಹೌದಲ್ಲೊ? ಹಾಂ, ಬರಿ.

ಅವಾಗ ಅವಂಗ ಎಂಟು ವರ್ಷ. ಅಪ್ಪ, ಅವ್ವ ಇಬ್ರೂ ತೀರಿಕೊಂಡಿದ್ರು. ದಾದಾಪೀರ ಕಾಕಾ ಇಂಗ್ಲೆಂಡಿನಾಗ ಅರಿವಿ ಗಿರಣಿಯೊಳಗ ದುಡೀತಿದ್ದ, ಮಕ್ಕಳಿರಲಿಲ್ಲ. 'ಹುಡುಗನ್ನ ನಾ ಒಯ್ತೀನಿ' ಅಂದ. ನಾ ಹದಿನೈದರಾಕಿ, ಕೊಟ್ಟು ಕಳಸಾಕ ನನ್ನ ಕಡೆ ಏನಿತ್ತು? ನಾಲ್ಕಾಣೆ. ಅದನ್ನ ಹಸರು ಅರಿವ್ಯಾಗ ಗಂಟು ಹಾಕಿ ಅವನ ಬಲಗಡೆ ತೋಳಿಗೆ ಕಟ್ಟಿದೆ. ನಮ್ಮಾಗ ದೂರ ಹೊಂಟವರಿಗೆ ಹಿಂಗ ಇಮಾಮ್ ಜಾಮೀನ ಕಟ್ತೀವಿ. ಸುಖರೂಪ ಮುಟ್ಟಿದ ಮ್ಯಾಲೆ ಬಿಚ್ಚಿ, ಆ ರೊಕ್ಕ ಬಡವರಿಗೆ ಕೊಡಬೇಕು. ಅವಂಗೂ ತಿಳಿಸಿ ಹೇಳಿದ್ದೆ: 'ನಿನ್ನ ಜಾಗಾ ಮುಟ್ಟಿದ ಮ್ಯಾಲೆ ಬಿಚ್ಚಪಾ.'

ಹೋಗಿ ಮುಟ್ಟಿದ. ಕಾಕಾ ಬಿಚ್ಚಾಕ ಹೋದ್ರ ಕೈ ಹಿಂದಕ್ಕ ಎಳಕೊಂಡನಂತ. 'ಇದು ನನ್ನ ಜಾಗಾ ಅಲ್ಲ.' ಶಾಲ್ಯಾಗ ಹುಡುಗ್ರು ನಕ್ಕರು, ಬಿಚ್ಚಲಿಲ್ಲ. ದೊಡ್ಡಾಂವಾಗಿ ಅಲ್ಲಿನ ಫೌಜಿಗೆ ಸೇರಿದ. ಯಾವನೋ ಮೀಶಿ ಸಾಹೇಬ 'ಏನಲೇ ಅದು, ಗಾಯ ಆಗೇತೇನು?' ಅಂತ ಗದರಿಸಿದ್ರ, 'ಇಲ್ಲರಿ, ನಾ ಇನ್ನೂ ದಾರ್ಯಾಗ ಅದೀನಿ' ಅಂದನಂತ! ಅರಿವಿ ಹರದಾಂಗೆಲ್ಲಾ ಹೊಸಾದು ಹಾಕ್ಯಾನ, ನಾಲ್ಕಾಣೆ ಮಾತ್ರ ಅದೇ. ನಮ್ಮ ಮನಿತನದಾಗ ಎಲ್ಲಾರೂ ಹಟಮಾರಿಗಳು, ನನ್ನ ಬಿಟ್ಟು. ನಗಬ್ಯಾಡ, ಬರಿ.

ಪಿಂಚಣಿ ಆದ ಮ್ಯಾಲೆ ಈಗ ಮೊದಲ ಸಲ ಬಂದಾನ, ಕೈಯಾಗ 'ಬೆಟಗೇರಿ, ಧಾರವಾಡ ಜಿಲ್ಲಾ' ಅಂತ ಚೀಟಿ ಹಿಡಕೊಂಡು. 'ಲೇ ಶಫೀಕ, ನಾವು ಕುಂತಲ್ಲಿಂದ ಎದ್ದಿಲ್ಲ, ಆದ್ರೂ ಬ್ಯಾರೆ ಜಿಲ್ಲಾಕ್ಕ ಬಂದೇವಿ ನೋಡು. ಈಗ ಗದಗ ಜಿಲ್ಲಾ!' ಅಂದೆ.

ಆದ್ರ ನನ್ನ ಕಣ್ಣೆಲ್ಲಾ ಆ ತೋಳಿನ ಮ್ಯಾಲೆ. ಇಲ್ಲಿ ಬಿಚ್ಚಿದ್ರ ಇದು ಅವನ ಜಾಗಾ. ಕಟಗೊಂಡ ಹೊಳ್ಳಿ ಹೋದ್ರ ಅಂವ ಬಂದಾಂವನ ಅಲ್ಲ. 'ಬಿಚ್ಚಲೇನೊ?' ಅಂದೆ. 'ತಡಿ ಅಕ್ಕಾ' ಅಂದ. ಲಕ್ಷ್ಮೇಶ್ವರಕ್ಕ ಹೋಗಿ ಅವ್ವನ ತವರಮನಿ ನೋಡಿ ಬಂದ. ಅಲ್ಲೀಗ ಹಿಟ್ಟಿನ ಗಿರಣಿ ಐತಿ, ಭಾಳ ನುಣ್ಣಗ ಬೀಸ್ತಾರ, ಅದಿರಲಿ. ಬಿಚ್ಚಲಿಲ್ಲ. ನಾಳೆ ಹೊಳ್ಳಿ ಹೋಗೂ ದಿನ. ನಾ ಕೇಳೂದು ಬಿಟ್ಟೆ. ನನ್ನ ಕೈಯಾಗ ಬೆಳದಾಂವ, ತಾನಾಗೇ ಕೈ ಚಾಚ್ತಾನ ಅಂದ್ಕೊಂಡೆ.

ಇವತ್ತ ಮುಂಜಾನೆ ಅಪ್ಪನ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕುಂತ. ಸಣ್ಣಾಂವಿದ್ದಾಗ ಅದರ ಹಲಗಿ ತುಳಿಯಾಕ ಕಾಲ ನಿಲುಕದ ಅಳ್ತಿದ್ದ. 'ದೊಡ್ಡಾಂವ ಆಗು, ಈ ಮಗ್ಗ ನಿಂದ' ಅಂತಿದ್ದ ಅಪ್ಪ. ಈಗ ಕಾಲ ನಿಲುಕಿದ್ವು. ತುಳದ, ಲಾಳಿ ಒಗದ, ನಾ ನೇಯೂ ಸೀರಿಯೊಳಗ ಎರಡು ಎಳಿ ಹರದ!

'ಏ ಫೌಜಿ, ಇದೇನು ಯುದ್ಧ ಅಲ್ಲ, ಸಾವಕಾಶ!' ಅಂದೆ.

ನಕ್ಕೊಂತ ಅಂಗಿ ತೋಳು ಏರಿಸಿ ಕೈ ಚಾಚಿದ. 'ಬಿಚ್ಚ ಅಕ್ಕಾ. ಬಂದೆ.'

ಗಂಟು ಬಿಗಿ ಇತ್ತು, ಹಲ್ಲೀಲೆ ಬಿಚ್ಚಿದೆ.

ನಾಳೆ ಹೋಗ್ತಾನ, ಹೋಗಲಿ. ಹೆಂಡ್ತಿ, ಮಗಳು ಅಲ್ಲಿದ್ದಾರ. ಹೊಸಾ ಗಂಟು ನಾನ ಕಟ್ತೀನಿ. ಈ ಸಲ ಇಳದ ಕೂಡಲೆ ಬಿಚ್ಚಬೇಕಂತ ತಾಕೀತು ಮಾಡೀನಿ.

ಪೆನ್ನು ಇಡ ಇನ್ನ. ಈ ನಾಲ್ಕಾಣೆ ತಗೋ, ದರ್ಗಾದ ಬಾಗಿಲದಾಗ ಕುಂಡ್ರೂ ಉಡಚವ್ವಗ ಕೊಟ್ಟು ಬಾ. ಇದಕ್ಕೀಗ ಏನೂ ಬರೂದಿಲ್ಲ, ಸೇರು ಜೋಳದ ಹಿಟ್ಟೂ ಒಯ್ಯಿ. ಜಲ್ದಿ ಹೋಗ, ಬಿಸಲೇರೂದ್ರಾಗ.