ಸಲಹೆ ಪಡೆದ ಮೇಲೆ

ಸರ್ಕಾರಿ ನೌಕರಿಯಲ್ಲಿ ನಾನು ಹಟ ಹಿಡಿದದ್ದು ಒಂದೇ ಸಲ. ಅದಕ್ಕಾಗಿ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ನಾನು ನೈರೋಬಿಯಲ್ಲೇ ಹುಟ್ಟಿದ ಮಂಗಳೂರಿನವಳು, ಒಂದು ಇಲಾಖೆಯಲ್ಲಿ ಕಾನೂನು ಅಧಿಕಾರಿ. ಇಲ್ಲಿ ಅಟಾರ್ನಿ ಜನರಲ್ ಎಂದರೆ ಸರ್ಕಾರದ ವಕೀಲರು. ಮಂತ್ರಿಗಳ ಸಾಲಿನಲ್ಲಿ ಕೂರುತ್ತಾರೆ, ಇಲಾಖೆಗಳು ಕೇಳಿದರೆ ಅಭಿಪ್ರಾಯ ಕೊಡುತ್ತಾರೆ. ಕೊಟ್ಟ ಅಭಿಪ್ರಾಯ ಕಕ್ಷಿದಾರನ ಗುಟ್ಟು. ಆ ಕಕ್ಷಿದಾರ ಸರ್ಕಾರ, ಜನ ಅಲ್ಲ. ಇದನ್ನು ಹೊಸದಾಗಿ ಸೇರಿದವರಿಗೆ ನಾನೇ ಎಷ್ಟೋ ಸಲ ಜಂಬದಿಂದ ಪಾಠ ಹೇಳಿದ್ದೇನೆ.

ನಮ್ಮ ಇಲಾಖೆಯಲ್ಲೊಂದು ಪದ್ಧತಿ ಇತ್ತು. ಅಭಿಪ್ರಾಯ ಬೇಕಾದಾಗ ಮೊದಲು ಫೋನಿನಲ್ಲಿ ವಿಚಾರಿಸುವುದು, ಉತ್ತರ ಹಿಡಿಸಿದರೆ ಮಾತ್ರ ಪತ್ರ ಬರೆಯುವುದು. ಬೇಡವೆಂಬ ಉತ್ತರ ಹೀಗೆ ಯಾವ ಕಡತಕ್ಕೂ ಸೇರುತ್ತಿರಲಿಲ್ಲ.

ಇಂಡಸ್ಟ್ರಿಯಲ್ ಏರಿಯಾದ ಆಚೆ ಇಲಾಖೆಯ ಜಾಗದಲ್ಲಿದ್ದ ತಗಡಿನ ಮನೆಗಳನ್ನು ತೆರವು ಮಾಡುವ ಮಾತು ಬಂತು. ಸೌತ್ ಬಿ ಬಡಾವಣೆಯ ನಮ್ಮ ಮನೆಗೆ ಹದಿನಾರು ವರ್ಷಗಳಿಂದ ಕೆಲಸಕ್ಕೆ ಬರುವ ಹೆಂಗಸಿನ ಮನೆಯೂ ಅಲ್ಲೇ. ಈ ಸಲ ಫೋನು ಬೇಡ, ಪತ್ರವೇ ಹೋಗಲಿ ಎಂದು ನಾನು ಪಟ್ಟು ಹಿಡಿದೆ.

"ನಿನಗ್ಯಾಕೆ ಮಾರಾಯ್ತಿ ಇಲ್ಲದ ಉಸಾಬರಿ?" ಎಂದರು ಗಂಡ. "ಆನೆ ನಡೆದದ್ದೇ ದಾರಿ."

ಪತ್ರ ಹೋಯಿತು, ಉತ್ತರವೂ ಬಂತು. ಇಲಾಖೆಯ ಕಾರ್ಯದರ್ಶಿ ನನ್ನನ್ನು ಕರೆದು ಓದಲು ಕೊಟ್ಟರು. ನ್ಯಾಯಾಲಯದ ಆದೇಶವಿಲ್ಲದೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಕಾರ್ಯದರ್ಶಿಯ ಮುಖದಲ್ಲೂ ಬೇಸರ ಕಾಣಲಿಲ್ಲ.

"ನೀವು ಪತ್ರ ಬರೆದದ್ದು ಒಳ್ಳೆಯದೇ ಆಯಿತು, ಮೇಡಂ," ಎಂದು ಹಾಳೆಗಳನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. "ಇನ್ನು ನಾವು ಕೇಳಲೇ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ."

ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ. ಎರಡು ವಾರ ಕಳೆದ ಮೇಲೆ ಕೆಲಸದವಳು ಒಂದು ನೋಟಿಸನ್ನು ಮಡಚಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಅವರ ಗೋಡೆಗಳಿಗೆಲ್ಲ ಅಂಟಿಸಿದ್ದರಂತೆ. ಮೊದಲ ಸಾಲು: ಕಾನೂನು ಸಲಹೆ ಪಡೆದ ಮೇಲೆ, ಶುಕ್ರವಾರದೊಳಗೆ ಜಾಗ ಖಾಲಿ ಮಾಡತಕ್ಕದ್ದು.

ಎರಡೆರಡು ಸಲ ಓದಿದೆ. ಅದರಲ್ಲಿ ಸುಳ್ಳೇ ಇರಲಿಲ್ಲ. ಸಲಹೆ ಪಡೆದಿದ್ದರು, ಪಡೆಯುವಂತೆ ಮಾಡಿದವಳು ನಾನು. ಸಲಹೆ ಏನಿತ್ತೆಂದು ಮಾತ್ರ ಬರೆದಿರಲಿಲ್ಲ.

"ಮಮಾ," ಎಂದಳು ಅವಳು ತನ್ನ ಸ್ವಾಹಿಲಿಯಲ್ಲಿ, "ಅಕ್ಕಪಕ್ಕದವರೆಲ್ಲ ಕೋರ್ಟಿಗೆ ಹೋಗೋಣ ಅಂತಿದ್ದಾರೆ. ನೀವು ಆ ಆಫೀಸಲ್ಲೇ ಇರೋದಲ್ವಾ? ಇವರು ನಿಜವಾಗ್ಲೂ ದೊಡ್ಡ ವಕೀಲರನ್ನ ಕೇಳಿದಾರಾ?"

ಕೋರ್ಟಿಗೆ ಹೋಗು, ಇವತ್ತೇ ಹೋಗು ಎನ್ನಬೇಕಿತ್ತು. ಅಷ್ಟು ಹೇಳಿದರೆ ಸಾಕಿತ್ತು. ಆದರೆ ಬೀಗ ಹಾಕಿದ ಆ ಡ್ರಾಯರು ಕಣ್ಣಮುಂದೆ ಬಂತು. ಒಳಗಿನ ಮಾತು ಹೊರಬಿದ್ದರೆ ಯಾರ ಬಾಯಿಂದ ಬಿತ್ತೆಂದು ಹುಡುಕುವುದು ಅವರಿಗೆ ಕಷ್ಟವಿರಲಿಲ್ಲ. ನೌಕರಿ, ವಕೀಲಿಕೆಯ ಪರವಾನಗಿ, ಎರಡೂ ಹೋಗುತ್ತಿದ್ದವು. ನಾನು ಹೇಡಿ. ನೋಟಿಸು ಬರೆದವರ ಹಾಗೆಯೇ ನಾನೂ ನಿಜವನ್ನೇ ಹೇಳಿದೆ.

"ಹೌದು, ಕೇಳಿದ್ದಾರೆ."

ಅವಳ ಮುಖ ಹಗುರವಾಯಿತು. "ಅಸಾಂಟೆ, ಮಮಾ," ಎಂದು ಉಪಕಾರ ಹೇಳಿ ಕೈ ಒರೆಸಿಕೊಂಡು, ಅಲ್ಲೇ ನಿಂತು ನೆರೆಯವರಿಗೆ ಫೋನು ಮಾಡಿದಳು.

"ಕೋರ್ಟು ಗೀರ್ಟು ಬೇಡ. ಎಲ್ಲ ಕಾನೂನಿನ ಪ್ರಕಾರವೇ ನಡೀತಿದೆ. ನಮ್ಮ ಮಮಾನೇ ಹೇಳಿದ್ರು."